ಮಕ್ಕಳ ಕೈಯಲ್ಲಿ ಫೋನ್ ಇದ್ದರೆ ಒಮ್ಮೆ ಜೊತೆಗೆ ಕೂರಿ

ಭಾನುವಾರ ಗಾಜಿನ ಮನೆಗೆ ಹೋದಾಗ ಮಗಳು ಅಲ್ಲಿಂದಲೇ ಫೋಟೋ ಹಾಕಿದ್ದಳು, ಜಾಗದ ಹೆಸರೂ ಸೇರಿಸಿ. ನಾನು ಬೈಯಲಿಲ್ಲ. "ಬಸ್ ಸ್ಟ್ಯಾಂಡಿನಲ್ಲಿ ಯಾರೋ ಕೇಳಿದರೆ ನಿನ್ನ ಮನೆ, ಶಾಲೆ ಎಲ್ಲಿ ಅಂತ ಹೇಳ್ತೀಯಾ?" ಅಂದೆ. ತಕ್ಷಣ ಅರ್ಥವಾಯಿತು. ಈಗ ಮನೆಗೆ ಬಂದ ಮೇಲೆ ಹಾಕುತ್ತಾಳೆ. ಯೂನಿಫಾರ್ಮಿನ ಫೋಟೋ ಹಾಕುವುದೇ ಇಲ್ಲ.

ಆಮೇಲೆ ಇಬ್ಬರೂ ಕೂತು ವಾಟ್ಸಾಪ್‌ನ ಖಾತೆಗೆ ಎರಡನೇ ಬೀಗದಂತಿರುವ ಟೂ ಸ್ಟೆಪ್ ವೆರಿಫಿಕೇಶನ್‌ಗೆ 6 ಅಂಕಿಯ ಪಿನ್ ಇಟ್ಟೆವು. ಹುಟ್ಟಿದ ದಿನಾಂಕ ಬೇಡ, ಅದು ಗೆಳತಿಯರಿಗೆಲ್ಲ ಗೊತ್ತಿರುತ್ತೆ ಅಲ್ವಾ? ಓಟಿಪಿ ಯಾರಿಗೂ ಕೊಡಬಾರದು.

ಬೈತಾರೆ ಅಂತ ಹೆದರಿ ಮಕ್ಕಳು ಎಷ್ಟೋ ಮುಚ್ಚಿಡುತ್ತಾರೆ. "ಏನೇ ಆದರೂ ಮೊದಲು ನನಗೆ ಹೇಳು, ಫೋನ್ ಕಿತ್ಕೊಳ್ಳಲ್ಲ" ಅಂತ ಇವತ್ತೇ ಹೇಳಿಬಿಡಿ. ಮೋಸದಿಂದ ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ, ಮಗುವನ್ನು ಯಾರಾದರೂ ಹೆದರಿಸುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.