ಜಾಮೀನು ಆಯ್ತು, ಜಾಮೀನುದಾರ ಎಲ್ಲಿ?

ಕೊಡಗಿನ ವಿರಾಜಪೇಟೆಯಲ್ಲಿ ವಕೀಲನಾಗಿ ಕ್ರಿಮಿನಲ್ ಕೇಸು ನಡೆಸುವ ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಕಳ್ಳರೂ ಅಲ್ಲ, ಕೊಲೆಗಾರರೂ ಅಲ್ಲ. ತೋಟದ ಬೇಲಿಯದೋ ದಾರಿಯದೋ ಜಗಳ ಬಾಯಿಂದ ಕೈಗೆ ಹೋಗಿರುತ್ತದೆ. ಕೈಯಲ್ಲಿ ಕತ್ತಿ ಇತ್ತು ಅಂತ ಎಫ್‌ಐಆರ್‌ನಲ್ಲಿ ಸೇರಿರುತ್ತದೆ. ಎದುರಿನವರ ಮೇಲೂ ಒಂದು ಪ್ರತಿದೂರು ಇದ್ದೇ ಇರುತ್ತದೆ. ಮೊದಲ ಪ್ರಶ್ನೆ, "ಸಾರ್, ಅರೆಸ್ಟ್ ಮಾಡ್ತಾರಾ?"

ನಾನು ಎಫ್‌ಐಆರ್ ತರಿಸಿ ಘಟನೆಯ ತಾರೀಖು ನೋಡುತ್ತೇನೆ. 2024ರ ಜುಲೈ 1ಕ್ಕೆ ಮುಂಚಿನದಾದರೆ ಹಳೆಯ ಐಪಿಸಿ, ಆಮೇಲಿನದಾದರೆ ಹೊಸ ಭಾರತೀಯ ನ್ಯಾಯ ಸಂಹಿತೆ. ಏಳು ವರ್ಷದವರೆಗಿನ ಶಿಕ್ಷೆಯ ಕೇಸಾದರೆ ಸಾಮಾನ್ಯವಾಗಿ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 35(3)ರ ನೋಟಿಸು, ಅಂದರೆ ಪೊಲೀಸರ ಮುಂದೆ ಹಾಜರಾಗಿ ಅನ್ನುವ ನೋಟಿಸು, ಬರುತ್ತದೆ. ನೋಟಿಸು ಕಂಡ ಕೂಡಲೇ ಗಡಿ ದಾಟಿ ಕೇರಳದ ನೆಂಟರ ಮನೆ ಸೇರುವವರಿದ್ದಾರೆ. ಬೇಡ. ಹಾಜರಾದವನನ್ನು ಬಂಧಿಸಲು ಪೊಲೀಸರು ಕಾರಣ ಬರೆಯಬೇಕು; ತಲೆಮರೆಸಿಕೊಂಡರೆ ಆ ಕಾರಣ ನಾವೇ ಬರೆದುಕೊಟ್ಟಂತೆ. ಬಂಧಿಸಿದರೂ ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕು.

ನಮ್ಮ ಕಡೆಯವರ ನಿಜವಾದ ಪರದಾಟ ಜಾಮೀನು ಆದೇಶ ಆದ ಮೇಲೆ ಶುರು. ಒಳಗಿರುವ ಹುಡುಗನಿಗೆ ಜಾಮೀನು ನಿಲ್ಲಲು ಅವನ ಚಿಕ್ಕಪ್ಪ ಪಹಣಿ ಹಿಡಿದು ಬರುತ್ತಾರೆ. ಅದು ಜಮ್ಮಾ ಬಾಣೆಯದು, ಅಂದರೆ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನಿನದು. ಒಂಬತ್ತನೇ ಕಾಲಂನಲ್ಲಿ ಪಟ್ಟೇದಾರರಿಂದ (ಮನೆತನದ ಹಿರಿಯರಿಂದ) ಹಿಡಿದು ಇಡೀ ಒಕ್ಕದ, ಅಂದರೆ ಮನೆತನದ, ಹೆಸರು, ಅದರಲ್ಲಿ ಕೆಲವರು ತೀರಿಹೋಗಿದ್ದಾರೆ. ಹನ್ನೊಂದನೇ ಕಾಲಂನಲ್ಲಿ ಕಾಫಿ ಬೆಳೆ ಸಾಲ. ಇದರಲ್ಲಿ ನಿಮ್ಮ ಪಾಲೆಷ್ಟು ಅಂತ ಕೋರ್ಟು ಕೇಳಿದರೆ ಚಿಕ್ಕಪ್ಪ ನನ್ನ ಮುಖ ನೋಡುತ್ತಾರೆ. ಶುಕ್ರವಾರ ಸಂಜೆಯಾಗಿದ್ದರೆ ಹುಡುಗ ಆ ವಾರಾಂತ್ಯ ಒಳಗೇ.

ಹಾಗಾಗಿ ಅರ್ಜಿ ಹಾಕುವ ದಿನವೇ ನಾನು ಜಾಮೀನುದಾರರನ್ನು ಆಫೀಸಿಗೆ ಕರೆಸುತ್ತೇನೆ. ಒಬ್ಬರದೇ ಹೆಸರಿನ ಗದ್ದೆಯೋ ಪಂಚಾಯಿತಿ ಖಾತೆಯ ಮನೆಯೋ ಇರುವವರು ಮೇಲು. ಹೊಸ ಪಹಣಿ, ಆಧಾರ್, ಫೋಟೊ ತರಲಿ. ಬೇರೆ ಯಾರ್‍ಯಾರಿಗೆ ಜಾಮೀನು ನಿಂತಿದ್ದೀರಿ ಅಂತಲೂ ಕೇಳಿಬಿಡುತ್ತೇನೆ, ಕೋರ್ಟಿಗೆ ಅದನ್ನು ಹೇಳಲೇಬೇಕು. "ಇವನು ಓಡಿಹೋದ್ರೆ ನನ್ನ ತೋಟ ಹೋಗುತ್ತಾ?" ಅಂತ ಅವರು ಕೇಳಿಯೇ ಕೇಳುತ್ತಾರೆ. ಹೊಣೆ ಬಾಂಡಿನ ಮೊತ್ತದಷ್ಟೇ, ಅದಕ್ಕೂ ಮೊದಲು ಕೋರ್ಟು ನೋಟಿಸು ಕೊಟ್ಟು ಕಾರಣ ಕೇಳುತ್ತದೆ. ತೋಟದ ಲೈನ್‌ಮನೆಯಲ್ಲಿರುವ ಹೊರರಾಜ್ಯದ ಕಾರ್ಮಿಕನಿಗೆ ಪಹಣಿ ಎಲ್ಲಿಂದ ಬರಬೇಕು? ಅಲ್ಲಿ ನಗದು ಠೇವಣಿಗೆ ಅನುಮತಿ ಕೇಳುವುದೇ ದಾರಿ. ಕಸ್ಟಡಿಯಲ್ಲಿರುವವರಿಗೆ ಆದಾಯದ ಮಿತಿಯಿಲ್ಲದೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿದರಾಯಿತು.

ಇನ್ನು ರಾಜಿ. ಊರ ಹಿರಿಯರು ಕೂರಿಸಿ ಮಾತಾಡಿಸಿ, "ಮುಗೀತು, ಕೇಸು ವಾಪಸ್ ತೆಗೀರಿ" ಅನ್ನುತ್ತಾರೆ. ಪೊಲೀಸ್ ಕೇಸನ್ನು ದೂರುದಾರ ಹಾಗೆ ವಾಪಸ್ ತೆಗೆಯಲು ಬರುವುದಿಲ್ಲ. ಬರೀ ಕೈಯ ಹೊಡೆತವಾದರೆ (ನ್ಯಾಯ ಸಂಹಿತೆಯ ಕಲಂ 115(2)) ಪೆಟ್ಟು ತಿಂದವರು ಮ್ಯಾಜಿಸ್ಟ್ರೇಟರ ಮುಂದೆಯೇ ರಾಜಿಯಾಗಬಹುದು. ಕತ್ತಿ ಬಂದು 118(1) ಬಿತ್ತೋ, ಅದು ರಾಜಿಯ ಪಟ್ಟಿಯಲ್ಲಿಲ್ಲ. ಎರಡೂ ಕಡೆಯ ಅಫಿಡವಿಟ್ ಹಿಡಿದು ಬೆಂಗಳೂರಿನ ಹೈಕೋರ್ಟಿಗೆ ಹೋಗಿ ಕೇಸು ರದ್ದು ಮಾಡಿ ಅಂತ ಕೇಳಬೇಕು. ಮನಸ್ತಾಪ ಮುಗಿದ ಮೇಲೂ ಅಷ್ಟು ದೂರ ಅಲೆಸುವುದು ನನಗೆ ಸರಿ ಕಾಣುವುದಿಲ್ಲ, ಆದರೆ ಕಾನೂನು ಇರುವುದು ಹಾಗೆ.

ಕೋವಿಯ ಕೇಸುಗಳದು ಬೇರೆ ಗೋಳು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್ ವಿನಾಯಿತಿ 2029ರ ಅಕ್ಟೋಬರ್‌ವರೆಗೆ ಇದೆ. ಹಾಗಂತ ಪಕ್ಕದವನತ್ತ ಗುರಿಯಿಟ್ಟರೆ ಎಲ್ಲರಿಗೂ ಬೀಳುವ ಕೇಸೇ ಬೀಳುತ್ತದೆ, ಕೋವಿ ಜಪ್ತಿಯಾಗುತ್ತದೆ. ಆಮೇಲೆ ಕಕ್ಷಿದಾರರಿಗೆ ಜೈಲಿನ ಚಿಂತೆಗಿಂತ ದೊಡ್ಡದು ಕೋವಿಗೆ ಪೂಜೆ ಮಾಡುವ ಕೊಡವರ ಹಬ್ಬದ್ದೊಂದೇ: "ಕೈಲ್‌ಪೊಳ್ದ್‌ಗೆ ಮೊದಲು ಕೋವಿ ಸಿಗುತ್ತಾ ಸಾರ್?" ಮಧ್ಯಂತರ ಸುಪರ್ದಿಗೆ, ಅಂದರೆ ಕೇಸು ಮುಗಿಯುವವರೆಗೆ ಕೋವಿ ನಮ್ಮ ವಶಕ್ಕೆ ಕೊಡಿ ಅಂತ, ಅರ್ಜಿ ಹಾಕಬಹುದು, ವಿನಾಯಿತಿ ಪತ್ರ ಲಗತ್ತಿಸಿ, ವಿಚಾರಣೆಗೆ ಕರೆದಾಗ ತರುತ್ತೇನೆ ಅಂತ ಬಾಂಡ್ ಬರೆದುಕೊಟ್ಟು. ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ ಬಾರದಿದ್ದರೆ ಸರ್ಕಾರಿ ವಕೀಲರು ತಕರಾರು ಎತ್ತುತ್ತಾರೆ. ಹಬ್ಬ ಸೆಪ್ಟೆಂಬರಿನಲ್ಲಿ, ಆಗಸ್ಟ್ ಕೊನೆಗೆ ಬಂದು ಕೇಳುವವರಿಗೆ ಈ ಸಲ ಅಣ್ಣನ ಕೋವಿಗೇ ತೋಕ್‌ಪೂ (ಹಬ್ಬದಲ್ಲಿ ಕೋವಿಗೆ ಇಡುವ ಹೂವು) ಮುಡಿಸಿ ಅನ್ನುತ್ತೇನೆ.