ಕೊತ್ತಂಬರಿಗೆ ಹಿತ, ಲೆಟ್ಯೂಸಿಗೆ ಕೇಡು: ಕೋಲ್ಡ್ ರೂಮಿನ ನನ್ನ ಅನುಭವ

ಮಾಲೂರಿನ ಹತ್ತಿರ ನಾವು ಕೆಲವು ರೈತರು ಸೇರಿ ಚಿಕ್ಕದೊಂದು ಕೋಲ್ಡ್ ರೂಮ್ ನಡೆಸುತ್ತೇವೆ. ಉಸ್ತುವಾರಿ ನನ್ನದು. ಕೊತ್ತಂಬರಿ, ಪಾಲಕ್, ಮೆಂತ್ಯ, ಜೊತೆಗೆ ಬೆಂಗಳೂರಿನ ಹೋಟೆಲುಗಳಿಗೆ ಲೆಟ್ಯೂಸ್. ತಂಪಿದ್ದರೆ ಸೊಪ್ಪು ಉಳಿಯುತ್ತದೆ ಅನ್ನುವವರೇ ಹೆಚ್ಚು. ತಂಪಿನಷ್ಟೇ ಮುಖ್ಯ ಚೀಲದೊಳಗಿನ ಗಾಳಿ.

ಕೊಯ್ದ ಮೇಲೂ ಸೊಪ್ಪು ಉಸಿರಾಡುತ್ತಲೇ ಇರುತ್ತದೆ. ಎಲೆಯಲ್ಲಿನ ಸಕ್ಕರೆ ಆಮ್ಲಜನಕದ ಜೊತೆ ಸೇರಿ ಖರ್ಚಾಗುತ್ತದೆ. ಇಂಗಾಲದ ಡೈಆಕ್ಸೈಡ್, ನೀರು, ಶಾಖ ಹೊರಬರುತ್ತವೆ. ಒತ್ತಾಗಿ ತುಂಬಿದ ಮೆಂತ್ಯದ ಮೂಟೆಯ ನಡುವೆ ರಾತ್ರಿ ಕೈ ತೂರಿಸಿದರೆ ಬಿಸಿ ತಾಗುತ್ತದಲ್ಲ, ಅದು ಈ ಉಸಿರಿನದೇ ಕಾವು. ಉಷ್ಣತೆ 10 ಡಿಗ್ರಿ ಏರಿದರೆ ಉಸಿರಾಟ ಎರಡು-ಮೂರು ಪಟ್ಟಾಗುತ್ತದೆ.

ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ಶೇ. 0.04ರಷ್ಟು ಮಾತ್ರ. ಬಾಯಿ ಕಟ್ಟಿದ ಪಾಲಿಥಿನ್ ಚೀಲದಲ್ಲಿ ಅದು ಏರುತ್ತಾ, ಆಮ್ಲಜನಕ ಇಳಿಯುತ್ತಾ ಹೋಗುತ್ತದೆ. ಒಂದು ಮಿತಿಯವರೆಗೆ ಇದು ಒಳ್ಳೆಯದೇ: ಉಸಿರಾಟ ನಿಧಾನವಾಗುತ್ತದೆ, ಎಲೆಯನ್ನು ಹಳದಿ ಮಾಡುವ ಎಥಿಲೀನ್ ಅನಿಲದ ಆಟ ಅಷ್ಟಾಗಿ ನಡೆಯುವುದಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು ಕೊತ್ತಂಬರಿಗೆ ಶೇ. 5ರಿಂದ 9ರಷ್ಟು ಇಂಗಾಲದ ಡೈಆಕ್ಸೈಡ್ ಒಗ್ಗುತ್ತದೆ, ಹಸಿರು ಹೆಚ್ಚು ದಿನ ನಿಲ್ಲುತ್ತದೆ ಎನ್ನುತ್ತಾರೆ. ಶೇ. 20 ಆದರೆ ವಾರದಲ್ಲೇ ಎಲೆ ಕೆಡುತ್ತದೆ. ಪಾಲಕ್ ಶೇ. 10ರವರೆಗೆ ಸಲೀಸಾಗಿ ತಡೆದುಕೊಳ್ಳುತ್ತದೆ.

ಲೆಟ್ಯೂಸಿನ ಸ್ವಭಾವವೇ ಬೇರೆ. ಇಂಗಾಲದ ಡೈಆಕ್ಸೈಡ್ ಶೇ. 2 ದಾಟಿದರೆ ಸಾಕು, ಎಲೆಯ ಬುಡದಲ್ಲಿ ನಡುನರದ ಮೇಲೆ ಕಂದು ಕಲೆ ಏಳುತ್ತದೆ. ಕಲೆಯ ನಡು ತುಸು ತಗ್ಗಿ, ಅಂಚು ಕಪ್ಪಾಗಿರುತ್ತದೆ. ಮೇಲಿಂದ ನೋಡಿದರೆ ಗೊತ್ತಾಗುವುದಿಲ್ಲ, ಎಲೆ ಬಿಡಿಸಿದಾಗಲೇ ಕಾಣುವುದು. ಹೀಗಾಗಿ ಲೆಟ್ಯೂಸನ್ನು ನಾನು ಬಾಯಿ ಕಟ್ಟಿದ ಚೀಲಕ್ಕೆ ಹಾಕುವುದೇ ಇಲ್ಲ. ತೂತಿರುವ ಹಾಳೆ ಹಾಸಿದ ಕ್ರೇಟಿನಲ್ಲಿಟ್ಟು, ಅರಳಿದ ಸುಣ್ಣದ ಪುಡಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಮೂಲೆಗೆ ಇಡುತ್ತೇನೆ. ಸುಣ್ಣ ಆ ಅನಿಲವನ್ನು ಹೀರಿಕೊಳ್ಳುತ್ತದೆ. ಎಲೆಗೆ ತಾಗಿದರೆ ಸುಡುತ್ತದೆ, ಆಗಾಗ ಬದಲಿಸಲೂ ಬೇಕು.

ಕೊತ್ತಂಬರಿಗೆ ಕ್ರಮ ಬೇರೆ. ಬೆಳಗಿನ ಜಾವ ಕೊಯ್ದದ್ದನ್ನು ನೆರಳಿಗೆ ತಂದು, ಮೊದಲು ಕೋಣೆಯಲ್ಲಿ ಚೆನ್ನಾಗಿ ತಣಿಸಿ, ಆಮೇಲೆ ಚೀಲಕ್ಕೆ ಹಾಕುತ್ತೇನೆ. ಬಿಸಿಯಿರುವಾಗಲೇ ಕಟ್ಟಿದರೆ ಅನಿಲವೂ ಜಾಸ್ತಿ, ಒಳಗೆ ನೀರು ಹನಿಗಟ್ಟಿ ಕೊಳೆಯುವುದೂ ಬೇಗ. ಚೀಲಕ್ಕೆ ಸೂಜಿಯಿಂದ ತೂತು ಹಾಕುವುದನ್ನು ನೋಡಿ, "ಏನಣ್ಣಾ, ತೂತು ಮಾಡಿದ್ರೆ ಬಾಡಲ್ವಾ?" ಅಂತ ಹೊಸಬರು ಕೇಳುತ್ತಾರೆ. ಸೂಜಿಮೊನೆಯ ತೂತಿನಲ್ಲಿ ಅನಿಲ ಓಡಾಡುತ್ತದೆ, ತೇವ ಹೋಗುವುದು ತೀರಾ ಕಡಿಮೆ.

ಎಷ್ಟು ತೂತು ಬೇಕೆಂದು ತಿಳಿಯಲು ಸುಣ್ಣದ ತಿಳಿನೀರೇ ನನಗೆ ಆಸರೆ. ಎಲೆ-ಅಡಿಕೆಗೆ ಬಳಸುವ ಸುಣ್ಣವನ್ನು ನೀರಿನಲ್ಲಿ ಕಲಸಿ, ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಯನ್ನು ಗ್ಲಾಸಿಗೆ ಬಗ್ಗಿಸಿಕೊಳ್ಳುತ್ತೇನೆ. ದೊಡ್ಡ ಸಿರಿಂಜಿನಲ್ಲಿ ಚೀಲದ ಗಾಳಿ ಎಳೆದು ಅದರೊಳಗೆ ಮೆಲ್ಲಗೆ ಗುಳ್ಳೆ ಬಿಡುವುದು. ಇಂಗಾಲದ ಡೈಆಕ್ಸೈಡ್ ತಾಗಿ ನೀರು ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಎರಡು ಚೀಲಗಳ ಗಾಳಿಯನ್ನು ಅಷ್ಟಷ್ಟೇ ಬಿಟ್ಟು, ಯಾವುದು ಬೇಗ ಬೆಳ್ಳಗಾಯಿತೆಂದು ನೋಡುತ್ತೇನೆ; ಅದರಲ್ಲಿ ಅನಿಲ ಹೆಚ್ಚು, ತೂತೂ ಹೆಚ್ಚು ಬೇಕು. ಶೇಕಡಾವಾರು ಲೆಕ್ಕಕ್ಕೆ ಮೀಟರೇ ಬೇಕು; ಹೋಲಿಸಿ ನೋಡಲು ಇದು ಧಾರಾಳ ಸಾಕು. ಚೀಲ ಬಿಚ್ಚಿದಾಗ ಹೆಂಡದ ವಾಸನೆ ಹೊಡೆದರೆ ಒಳಗೆ ಆಮ್ಲಜನಕ ಮುಗಿದಿದೆ ಎಂದರ್ಥ. ಅಂಥ ಸೊಪ್ಪು ತಿಪ್ಪೆಗೆ.

ಬಾಳೆಹಣ್ಣು, ಟೊಮೇಟೊ ಈ ಕೋಣೆಗೆ ತರಕೂಡದು. ಅವು ಬಿಡುವ ಎಥಿಲೀನ್ ಸೊಪ್ಪನ್ನು ಹಳದಿ ಮಾಡುತ್ತದೆ.

ಕೋಣೆ ತುಂಬ ಸೊಪ್ಪಿದ್ದರೆ ಒಳಗೆ ಕೆಲಸ ಮಾಡುವವರಿಗೂ ಇಂಗಾಲದ ಡೈಆಕ್ಸೈಡ್ ತೊಂದರೆ ಕೊಡುತ್ತದೆ. ಎಂಟು ಗಂಟೆಯ ಕೆಲಸಕ್ಕೆ ಒಪ್ಪಿತ ಮಿತಿ ಶೇ. 0.5. ಬೆಳಿಗ್ಗೆ ಬಾಗಿಲು ತೆರೆದು, ಫ್ಯಾನ್ ಹಾಕಿ, ಗಾಳಿ ಬದಲಾದ ಮೇಲಷ್ಟೇ ಕ್ರೇಟು ಎತ್ತುವವರನ್ನು ಒಳಗೆ ಬಿಡುತ್ತೇನೆ. ತಲೆ ಭಾರ ಅನ್ನಿಸಿದರೆ ಕೆಲಸ ಅಲ್ಲಿಗೇ ಬಿಟ್ಟು ಹೊರಗೆ ಬನ್ನಿ ಎಂದು ಹೇಳಿಟ್ಟಿದ್ದೇನೆ.