ಹುಣಸೆ ಮರದ ಸಿಪ್ಪೆ ಕಿತ್ತು ಬರುತ್ತಿತ್ತು, ಈಗ ಇಲ್ಲ

ಹಿರಿಯೂರು ಕಡೆ ನಮ್ಮ ತೆಂಗಿನ ತೋಟದ ಬದುವಿನಲ್ಲಿ ಹನ್ನೊಂದು ಹುಣಸೆ ಮರ ಇವೆ. ಮರ ಹತ್ತಿ ಹಣ್ಣು ಉದುರಿಸುವವರು ಸಿಗುತ್ತಿಲ್ಲ, ಗಳದಿಂದ ಬಡಿದರೆ ಎಳೆ ರೆಂಬೆ ಮುರಿದು ಮುಂದಿನ ಹೂವಿಗೇ ಪೆಟ್ಟು. ಅದಕ್ಕೇ ಕೊಕ್ಕೆ ಇರುವ, ಪೆಟ್ರೋಲ್ ಎಂಜಿನ್‌ನ ಕೊಂಬೆ ಅಲುಗಾಡಿಸುವ ಮೆಷಿನ್ ಬಾಡಿಗೆಗೆ ತಂದೆ.

ಮೊದಲ ದಿನವೇ ಎದೆ ಧಸಕ್ಕೆಂದಿತು. ಕೊಕ್ಕೆ ಕೂತಲ್ಲೆಲ್ಲ ಸಿಪ್ಪೆ ಸುಲಿದು, ಒಳಗಿನ ಹಸಿ ಮರ ಒದ್ದೆಯಾಗಿ ಹೊಳೆಯುತ್ತಿತ್ತು. ಜೊತೆಗಿದ್ದ ಹಿರಿಯರು ಬೆರಳಿಟ್ಟು ನೋಡಿ, "ಮರ ನೀರು ಕುಡ್ದೈತೆ ಕಣಪ್ಪ, ಈಗ ಮುಟ್ಬ್ಯಾಡ" ಅಂದರು. ಅದೇ ನಿಜ. ತೆಂಗಿಗೆ ಬಿಡುವ ನೀರು ಬದುವಿಗೂ ಹರಿಯುತ್ತಿತ್ತು. ರಸ ಓಡುವಾಗ ಸಿಪ್ಪೆಯ ಹಿಡಿತ ಸಡಿಲ. ಕ್ಯಾಲಿಫೋರ್ನಿಯಾದ ಬಾದಾಮಿ ತೋಟಗಳಲ್ಲೂ ಮೆಷಿನ್ ಹಾಕುವ ಮುಂಚೆ ನೀರು ನಿಲ್ಲಿಸುವುದು ಇದಕ್ಕೇ.

ಬದುವಿನ ಪಕ್ಕದ ತೆಂಗಿನ ಸಾಲಿನ ಡ್ರಿಪ್ ಎರಡು ವಾರ ಬಂದ್ ಮಾಡಿದೆ. ಕೊಕ್ಕೆಗೆ ಹಳೇ ಸೈಕಲ್ ಟ್ಯೂಬ್ ಮೂರು ಸುತ್ತು ಬಿಗಿದೆ. ಇನ್ನೊಂದು ತಪ್ಪೂ ಇತ್ತು: ಓರೆಯಾಗಿ ಎಳೆಯುತ್ತಿದ್ದೆ, ಕೊಕ್ಕೆ ಜಾರಿ ಉಜ್ಜುತ್ತಿತ್ತು. ಈಗ ಕೊಂಬೆಗೆ ನೇರ ಅಡ್ಡಲಾಗಿ ಹಿಡಿದು, ಗಟ್ಟಿಯಾಗಿ ಕೂತ ಮೇಲೆಯೇ ಆಕ್ಸಿಲರೇಟರ್. ನಾಲ್ಕೈದು ಸೆಕೆಂಡ್ ಸಾಕು. ಉದುರದಿದ್ದರೆ ಕೊಕ್ಕೆ ಜಾಗ ಬದಲಿಸುತ್ತೇನೆ, ಹೊತ್ತು ಹೆಚ್ಚಿಸುವುದಿಲ್ಲ. ತುದಿಯಲ್ಲಿ ಹಿಡಿದರೆ ತುದಿಯಷ್ಟೇ ಕುಣಿಯುತ್ತದೆ. ನಡುಭಾಗದಲ್ಲಿ ಹಿಡಿದರೆ ಕೊಂಬೆಯೆಲ್ಲ ನಡುಗುತ್ತದೆ.

ಹಣ್ಣಿನ ಓಡು ಒಣಗಿ, ಅಲ್ಲಾಡಿಸಿದರೆ ಗಲಗಲ ಅನ್ನಬೇಕು. ದೋರೆಗಾಯಿ ಎಷ್ಟು ಅಲುಗಿಸಿದರೂ ಬೀಳುವುದಿಲ್ಲ, ಅದನ್ನು ಬಿಟ್ಟುಬಿಡಿ. ಕೆಳಗೆ ಟಾರ್ಪಾಲು ಹಾಸಿ, ತಲೆಗೆ ಹೆಲ್ಮೆಟ್ ಮರೆಯಬೇಡಿ. ಸುಲಿದಿದ್ದ ಗಾಯಗಳಿಗೆ ಬೋರ್ಡೋ ಪೇಸ್ಟ್ (ಮೈಲುತುತ್ತ, ಸುಣ್ಣ ಕಲಸಿದ ಲೇಪ) ಬಳಿದಿದ್ದೇನೆ. ಎರಡು ಕೊಂಬೆಗಳಲ್ಲಿ ಅಂಚು ಕೂಡಿಕೊಳ್ಳುತ್ತಿದೆ.